ಮಹಾರಾಜರು ಉಳಿಸಿಕೊಟ್ಟ ಸಂಗೀತಕ್ಕೆ ವಾರಸುದಾರರು ಯಾರು?

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿಯ ಅನೇಕ ಕನ್ನಡಿಗರ ಮನೆಗಳಲ್ಲಿ ಇಂದು ಮಕ್ಕಳು ಪಿಯಾನೋ, ಕೀಬೋರ್ಡ್ ಕಲಿಯುತ್ತಿದ್ದಾರೆ. ಲಂಡನ್ನಿನ ಸಂಸ್ಥೆಗಳ ಶ್ರೇಣಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ತರುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಅವರು ನುಡಿಸುವುದೇನು? ಪರೀಕ್ಷೆಗೆ ಆರಿಸಿಕೊಂಡ ಕೆಲವು ಕೃತಿಗಳು, ಸಂಘದ ವೇದಿಕೆಯಲ್ಲಿ ಒಂದು ಚಿತ್ರಗೀತೆ. ಪರೀಕ್ಷೆ ಮುಗಿದೊಡನೆ ವಾದ್ಯಕ್ಕೆ ಮುಸುಕು ಬೀಳುತ್ತದೆ.

ಪರದೇಶದ ವಾದ್ಯದ ಬಗ್ಗೆ ನಮಗೇಕೆ ಚಿಂತೆ ಎಂದು ಹಿರಿಯರು ಕೇಳಬಹುದು. ಉತ್ತರ ಮೈಸೂರು ಅರಮನೆಯಲ್ಲಿದೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು (1919–1974) ನುರಿತ ಪಿಯಾನೋ ವಾದಕರೂ ಆಗಿದ್ದರು. 1945ರಲ್ಲಿ ಅವರಿಗೆ ಗೌರವ ಫೆಲೋ ಪದವಿಯಿತ್ತದ್ದು ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು. ನಮ್ಮ ಮಕ್ಕಳು ಕಟ್ಟುವ ಟ್ರಿನಿಟಿ ಪರೀಕ್ಷೆಗಳ ಮೂಲವೂ ಅದೇ.

ಆ ಕಾಲದಲ್ಲಿ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರು ಲಂಡನ್ನಿನಲ್ಲಿ ನೆಲೆಸಿದ್ದರು. ಹೊಸ ಪಂಥಗಳ ಭರಾಟೆಯಲ್ಲಿ ಹಳೆಯ ಕ್ರಮವನ್ನು ಬಿಡದ ಅವರನ್ನು ಜಗತ್ತು ಮರೆಯತೊಡಗಿತ್ತು. ಯುದ್ಧಕಾಲದ ಅನಾರೋಗ್ಯವೂ ಕಾಡಿತ್ತು. 1940ರ ದಶಕದ ಕೊನೆಯಲ್ಲಿ ಮಹಾರಾಜರು ಮೆಟ್ನರ್ ಸೊಸೈಟಿಗೆ ಧನಸಹಾಯವಿತ್ತು, ಸ್ವತಃ ಮೆಟ್ನರರೇ ನುಡಿಸಿದ ಧ್ವನಿಮುದ್ರಿಕೆಗಳು ಹೊರಬರುವಂತೆ ಮಾಡಿದರು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ನಿಧನರಾದರು.

ಆದರೆ ಧ್ವನಿಮುದ್ರಣ ಸಂಗೀತವನ್ನು ಅರ್ಧ ಮಾತ್ರ ಉಳಿಸುತ್ತದೆ. ಉಳಿದರ್ಧವನ್ನು ಉಳಿಸುವುದು ವಿದ್ಯಾರ್ಥಿಯ ಬೆರಳುಗಳು. ಎಳೆಯರಿಗೆಂದೇ ಮೆಟ್ನರ್ ಬರೆದ ಎಂಟು ಕಿರುಕೃತಿಗಳ ಗುಚ್ಛವೊಂದಿದೆ (ಕೃತಿ ಸಂಖ್ಯೆ 54). ಆರಂಭದ ಶ್ರೇಣಿಯವರಿಗೆ ಅವು ಕಠಿಣ. ಆರೇಳು ವರ್ಷ ಶ್ರದ್ಧೆಯಿಂದ ಕಲಿತವರು ಪ್ರಯತ್ನಿಸಬಹುದು. ನಮ್ಮ ದೇಶದ ಕಾಯಿದೆಯಂತೆ ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರ 60 ವರ್ಷ ಮಾತ್ರ. ಹಾಗಾಗಿ 2012ರಿಂದ ಇಲ್ಲಿ ಮೆಟ್ನರರ ಸಂಗೀತವನ್ನು ಯಾರ ಅಪ್ಪಣೆಯೂ ಇಲ್ಲದೆ ನುಡಿಸಬಹುದು.

ಹತ್ತು ವರ್ಷ ಯಾರೂ ವಿಚಾರಿಸದ ಠೇವಣಿಯನ್ನು ನಾವು ಬ್ಯಾಂಕಿನವರು ವಾರಸುದಾರರಿಲ್ಲದ ಹಣವೆನ್ನುತ್ತೇವೆ. ವಾರಸುದಾರ ಬಂದು ಕೇಳಿದರೆ ಅದು ಅವನದೇ. ಮಹಾರಾಜರು ಇಟ್ಟುಹೋದ ಈ ಠೇವಣಿಯನ್ನು ಕೇಳುವ ಹಕ್ಕು ಕನ್ನಡದ ಮಕ್ಕಳಿಗಿದೆ. ಪಾಲಕರು ಮಕ್ಕಳ ಗುರುಗಳೊಡನೆ ಈ ಕುರಿತು ಮಾತನಾಡಲಿ. ನಮ್ಮ ಸಂಘಗಳು ಮುಂದಿನ ವಾರ್ಷಿಕೋತ್ಸವದಲ್ಲಿ ಚಿತ್ರಗೀತೆಯ ಜೊತೆಗೆ ಮೆಟ್ನರರ ಒಂದು ಕಿರುಕೃತಿಗೂ ಐದು ನಿಮಿಷ ಕೊಡಲಿ. ನುಡಿಸುವ ಮೊದಲು ಆ ಮಗುವೇ ಈ ಕತೆಯನ್ನು ಕನ್ನಡದಲ್ಲಿ ಹೇಳಲಿ.