ಮುಗಿಲಲ್ಲಿ ಅಳೆದ ಗಾಳಿ ಹೊಲಕ್ಕೂ ದಕ್ಕಬೇಕು



ನಿಮ್ಮ ಊರಿನ ಮೇಲೆ ದಿನವೂ ವಿಮಾನಗಳು ಹಾದುಹೋಗುತ್ತಿರಬಹುದು. ಅವಕ್ಕೂ ನಿಮ್ಮ ಬಿತ್ತನೆಗೂ ಏನು ಸಂಬಂಧ ಎಂದು ಕೇಳಿದರೆ ನಗು ಬಂದೀತು. ಆದರೆ ಸಂಬಂಧ ಇದೆ. ಮಳೆಯ ಮುನ್ಸೂಚನೆ ಕೊಡಲು ಹವಾಮಾನ ತಜ್ಞರು ಹಾಕುವ ಲೆಕ್ಕದಲ್ಲಿ ವಿಮಾನಗಳು ಅಳೆದು ಕಳಿಸುವ ಗಾಳಿಯ ವಿವರವೂ ಸೇರಿದೆ. ನಮ್ಮ ದೇಶದ ವಿಮಾನ ಕಂಪನಿಗಳು ಈ ವಿವರವನ್ನು ಹವಾಮಾನ ಇಲಾಖೆಗೆ ಕೊಡುವುದನ್ನು ಕಡ್ಡಾಯ ಮಾಡುವ ಯೋಚನೆ ಇದೆಯೆಂದು ಕೇಂದ್ರ ಭೂ ವಿಜ್ಞಾನ ಸಚಿವಾಲಯದ ಕಾರ್ಯದರ್ಶಿ ಎಂ. ರವಿಚಂದ್ರನ್ ಅವರು 2024ರ ಕೊನೆಯಲ್ಲಿ ಹೇಳಿದರು. ಇದು ಪೇಟೆಯವರ, ವಿಮಾನ ಹತ್ತುವವರ ಸಂಗತಿ ಎಂದು ನಾವು ಕೈಬಿಡುವಂತಿಲ್ಲ. ಇದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ತಿಳಿದುಕೊಳ್ಳಬೇಕು.

ನೆಲದ ಲೆಕ್ಕ ಸಾಲದು

ನಮ್ಮ ರಾಜ್ಯದಲ್ಲಿ ಬಿದ್ದ ಮಳೆಯ ಲೆಕ್ಕಕ್ಕೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ಅವು ತಾವಾಗಿಯೇ ಸುದ್ದಿ ಕಳಿಸುತ್ತವೆ. ಆದರೆ ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು, ಬರುವ ಮಳೆಯನ್ನಲ್ಲ. ಬರುವ ಮಳೆ ತಯಾರಾಗುವುದು ಮೇಲೆ. ಅಲ್ಲಿ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಬೀಸುತ್ತಿದೆ, ಎಷ್ಟು ತಂಪಾಗಿದೆ, ಎಷ್ಟು ತೇವ ಹೊತ್ತಿದೆ ಎಂಬುದು ಗೊತ್ತಾಗದೆ ಮುನ್ಸೂಚನೆ ಹೇಳಲು ಬರುವುದಿಲ್ಲ.

ಇದನ್ನು ತಿಳಿಯಲು ಇಲಾಖೆಯವರು ಬಲೂನಿಗೆ ಉಪಕರಣ ಕಟ್ಟಿ ಮೇಲಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ಬೆಳಗಿನ 5.30ರ ಹಾಗೂ ಸಂಜೆಯ 5.30ರ ಸ್ಥಿತಿ ತಿಳಿಯುವಂತೆ ಬಿಡುವುದು ವಾಡಿಕೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಈ ಕೆಲಸ ನಡೆಯುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಹಬ್ಬಿದ ರಾಜ್ಯಕ್ಕೆ ಇಂಥ ಬೆರಳೆಣಿಕೆಯ ಠಾಣೆಗಳು ಎಲ್ಲಿ ಸಾಲುತ್ತವೆ? ಎರಡು ಬಲೂನುಗಳ ನಡುವೆ ಹನ್ನೆರಡು ತಾಸುಗಳ ಅಂತರ ಬೇರೆ. ಗಾಳಿ ಅಷ್ಟು ಹೊತ್ತು ಕಾಯುವುದಿಲ್ಲ. ಉಪಗ್ರಹಗಳು ಮೇಲಿನಿಂದ ನೋಡುತ್ತವೆ, ನಿಜ. ಆದರೂ ಗಾಳಿಯ ಒಳಗೇ ಹೊಕ್ಕು ಅಳೆದ ಲೆಕ್ಕಕ್ಕೆ ಬೇರೆಯದೇ ಬೆಲೆ.

ವಿಮಾನ ಮಾಡುವ ಕೆಲಸ

ಇಲ್ಲಿ ವಿಮಾನ ನೆರವಿಗೆ ಬರುತ್ತದೆ. ಹಾರಾಟಕ್ಕೆ ಬೇಕೆಂದೇ ಪ್ರತಿ ದೊಡ್ಡ ವಿಮಾನದಲ್ಲೂ ಹೊರಗಿನ ಉಷ್ಣತೆ ಮತ್ತು ಒತ್ತಡ ಅಳೆಯುವ ಉಪಕರಣಗಳಿರುತ್ತವೆ. ಗಾಳಿಯ ವೇಗ ಮತ್ತು ದಿಕ್ಕನ್ನು ವಿಮಾನದ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಈ ಅಂಕಿಗಳನ್ನು ಹೊತ್ತು, ಎತ್ತರ, ಸ್ಥಳಗಳ ಸಮೇತ ರೇಡಿಯೋ ಮೂಲಕವೋ ಉಪಗ್ರಹದ ಮೂಲಕವೋ ನೆಲಕ್ಕೆ ಕಳಿಸುವ ಏರ್ಪಾಡಿಗೆ ಆಮ್ಡಾರ್ ಎಂದು ಹೆಸರು. ಹೆಚ್ಚಾಗಿ ಹೊಸ ಉಪಕರಣ ಕೂಡಿಸಬೇಕಾಗಿಲ್ಲ. ಇರುವ ಕಂಪ್ಯೂಟರಿಗೆ ಒಂದು ತಂತ್ರಾಂಶ ಅಳವಡಿಸಿದರೆ ಆಯಿತು.

ವಿಮಾನ ಏರುವಾಗ ಮತ್ತು ಇಳಿಯುವಾಗ ಸಿಗುವ ಲೆಕ್ಕ ಬಹಳ ಉಪಯುಕ್ತ. ನೆಲದಿಂದ ಹತ್ತು ಕಿಲೋಮೀಟರ್ ಎತ್ತರದವರೆಗಿನ ಗಾಳಿಯ ಪದರಗಳನ್ನು ಅದು ಒಂದೊಂದಾಗಿ ಅಳೆಯುತ್ತಾ ಹೋಗುತ್ತದೆ. ನಮ್ಮ ಮುಂಗಾರನ್ನೇ ನೋಡಿ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ತರುವ ಪಡುವಣ ಗಾಳಿ ಹೆಚ್ಚು ಬಿರುಸಾಗಿ ಬೀಸುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಅದು ಬಲವಾದರೆ ಕರಾವಳಿ, ಮಲೆನಾಡುಗಳಲ್ಲಿ ಮಳೆ ಜೋರಾಗುತ್ತದೆ. ಸಡಿಲವಾದರೆ ಮಳೆ ಬಿಡುವು ಕೊಡುತ್ತದೆ. ಮಂಗಳೂರಿನಿಂದಲೋ ಗೋವಾದಿಂದಲೋ ಮೇಲೇರುವ ವಿಮಾನ ಕೆಲವೇ ನಿಮಿಷಗಳಲ್ಲಿ ಈ ಗಾಳಿಯನ್ನು ಹಾದುಹೋಗುತ್ತದೆ. ಆ ಲೆಕ್ಕ ಇಲಾಖೆಗೆ ಸಿಕ್ಕರೆ ಅದು ಬಲೂನಿಗೆ ಪೂರಕ. ಸಿಗದಿದ್ದರೆ ವಿಮಾನದಲ್ಲೇ ಉಳಿದುಹೋಗುತ್ತದೆ.

ಇದೇನೂ ನಿನ್ನೆ ಮೊನ್ನೆಯ ಯೋಚನೆಯಲ್ಲ. 1979ರಲ್ಲಿ ಹಲವು ದೇಶಗಳು ಕೂಡಿ ನಡೆಸಿದ ಜಾಗತಿಕ ಹವಾ ಪ್ರಯೋಗದಲ್ಲೇ ಕೆಲವು ವಿಮಾನಗಳು ಉಪಗ್ರಹದ ಮೂಲಕ ಇಂಥ ವಿವರ ಕಳಿಸಿದ್ದವು. 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವೂ ಕೂಡಿ ಈ ಕೆಲಸವನ್ನು ಬೆಳೆಸಲು ಒಪ್ಪಂದ ಮಾಡಿಕೊಂಡವು.

2020ರ ಪಾಠ

ಈ ಲೆಕ್ಕದ ಬೆಲೆ ಎಷ್ಟೆಂಬುದು ಕೊರೋನಾ ಕಾಲದಲ್ಲಿ ಗೊತ್ತಾಯಿತು. ಅದಕ್ಕೆ ಮುಂಚೆ ಈ ಏರ್ಪಾಡಿನಿಂದ ಜಗತ್ತಿಗೆಲ್ಲ ದಿನಕ್ಕೆ ಸುಮಾರು ಎಂಟು ಲಕ್ಷ ಅಳತೆಗಳು ಸಿಗುತ್ತಿದ್ದವು. 2020ರ ಮಾರ್ಚಿಯಿಂದ ವಿಮಾನಗಳು ನೆಲ ಹಿಡಿದವು. ನಮ್ಮ ದೇಶದೊಳಗಿನ ಪ್ರಯಾಣಿಕ ವಿಮಾನಗಳೂ ಮಾರ್ಚಿ 25ರಿಂದ ಮೇ 25ರವರೆಗೆ ನಿಂತಿದ್ದವು. ಜಗತ್ತಿನಲ್ಲಿ ವಿಮಾನಗಳಿಂದ ಬರುವ ಅಳತೆಗಳು ಸರಾಸರಿ ಶೇ. 75ರಿಂದ 80ರಷ್ಟು ಕುಸಿದವೆಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿತು. ಯುರೋಪಿನ ಕೆಲವು ದೇಶಗಳು ಕೊರತೆ ತುಂಬಲು ಹೆಚ್ಚು ಬಲೂನುಗಳನ್ನು ಹಾರಿಸಿದವು. ವಿಮಾನಗಳ ಲೆಕ್ಕ ಪೂರ್ತಿ ಇಲ್ಲವಾದರೆ, ವಿಮಾನ ಹಾರುವ ಎತ್ತರದ ಗಾಳಿ ಮತ್ತು ಉಷ್ಣತೆಯ ಅಲ್ಪಾವಧಿ ಮುನ್ಸೂಚನೆ ಶೇ. 15ರವರೆಗೂ ಕೆಡಬಹುದೆಂದು ಯುರೋಪಿನ ಮುನ್ಸೂಚನಾ ಕೇಂದ್ರ ಮೊದಲೇ ಲೆಕ್ಕ ಹಾಕಿತ್ತು.

ಇತಿಮಿತಿಗಳೂ ಇವೆ

ವಿಮಾನದ ಲೆಕ್ಕ ಬಂದೊಡನೆ ನಮ್ಮ ಹೋಬಳಿಯ ಮಳೆಯನ್ನು ಗಂಟೆ ಹೊಡೆದಂತೆ ಹೇಳಿಬಿಡುತ್ತಾರೆಂದು ತಿಳಿಯಬಾರದು. ಮಳೆಗೆ ಮುಖ್ಯವಾದದ್ದು ಗಾಳಿಯ ತೇವ. ಬಹುತೇಕ ವಿಮಾನಗಳಲ್ಲಿ ತೇವ ಅಳೆಯುವ ಉಪಕರಣವಿಲ್ಲ. ಅಮೆರಿಕದ ಸೌತ್‌ವೆಸ್ಟ್, ಯುಪಿಎಸ್ ಕಂಪನಿಗಳ ಕೆಲವು ವಿಮಾನಗಳಲ್ಲಿ ಅದನ್ನು ಕೂಡಿಸಿದ್ದಾರೆ. ಖರ್ಚು ಹೆಚ್ಚಾದ್ದರಿಂದ ಬೇರೆಡೆ ಅಷ್ಟಾಗಿ ಹರಡಿಲ್ಲ. ಬಲೂನಾದರೋ ತೇವವನ್ನೂ ಅಳೆಯುತ್ತದೆ, ವಿಮಾನಕ್ಕಿಂತ ಬಹಳ ಮೇಲಕ್ಕೂ ಹೋಗುತ್ತದೆ. ಆದ್ದರಿಂದ ವಿಮಾನದ ಲೆಕ್ಕ ಸಿಕ್ಕಿತೆಂದು ಸರ್ಕಾರ ಬಲೂನು ಠಾಣೆಗಳನ್ನು ಕಡಿಮೆ ಮಾಡಲು ಹೊರಟರೆ ಅದನ್ನು ನಾವು ಒಪ್ಪಬಾರದು.

ಹೀಗಿದ್ದರೂ ಈ ಲೆಕ್ಕ ಬೇಕೇ ಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಎಂಬ ಹೊಸ ಮುನ್ಸೂಚನಾ ವ್ಯವಸ್ಥೆಯನ್ನು ಜಾರಿಗೆ ತಂದಿತು. ಹಿಂದೆ 12 ಕಿಲೋಮೀಟರಿಗೊಂದು ಚೌಕ ಮಾಡಿ ಲೆಕ್ಕ ಹಾಕುತ್ತಿದ್ದರೆ, ಇದರಲ್ಲಿ 6 ಕಿಲೋಮೀಟರಿಗೊಂದು ಚೌಕ. ಜರಡಿ ಎಷ್ಟೇ ಸಣ್ಣದಿರಲಿ, ಅದಕ್ಕೆ ಹಾಕುವ ಕಾಳು ಚೆನ್ನಾಗಿರಬೇಕಲ್ಲವೇ?

ಖರ್ಚು ಯಾರದು?

ಕಂಪನಿಗಳು ಹಿಂದೆಮುಂದೆ ನೋಡಲು ಕಾರಣಗಳಿವೆ. ಪ್ರತಿ ಸಂದೇಶ ಕಳಿಸಲೂ ಹಣ ಬೇಕು. ತಮ್ಮ ವಿಮಾನ ಅಳೆದದ್ದು ತಮ್ಮ ಸ್ವತ್ತು, ಅದನ್ನು ಬೇರೆಯವರು ಮಾರಿಕೊಂಡಾರೆಂಬ ಅಳುಕೂ ಉಂಟು. ಕಡ್ಡಾಯ ಮಾಡಬೇಕೆಂಬ ಯೋಚನೆ ಬಂದದ್ದೇ, ತಾನಾಗಿ ಬರುವ ಲೆಕ್ಕ ಸಾಲದು ಎಂಬುದಕ್ಕೆ ಸಾಕ್ಷಿ.

ಆದರೆ ಲಾಭ ಕಂಪನಿಗಳಿಗೂ ಇದೆ. ಗಾಳಿಯ ಮುನ್ಸೂಚನೆ ಸರಿಯಿದ್ದರೆ ಇಂಧನ ಉಳಿಯುತ್ತದೆ. ಮಂಜು, ಗುಡುಗು ಮೊದಲೇ ತಿಳಿದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುವ ತೊಂದರೆ ತಪ್ಪುತ್ತದೆ. ಇಲಾಖೆ ಸಂದೇಶದ ವೆಚ್ಚ ಹೊತ್ತು, ಕಂಪನಿ ವಿವರ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ನಮ್ಮಲ್ಲೂ ಅದು ನ್ಯಾಯವಾದ ದಾರಿ. ಬರಿಯ ಆಜ್ಞೆಯಿಂದ ಬಂದ ಲೆಕ್ಕಕ್ಕಿಂತ ಒಪ್ಪಂದದಿಂದ ಬಂದ ಲೆಕ್ಕ ಹೆಚ್ಚು ದಿನ ಬಾಳುತ್ತದೆ. ಒಪ್ಪಂದವೇ ಆಗದಿದ್ದರೆ ಮಾತ್ರ ಕಡ್ಡಾಯವಾಗಲಿ.

ನೀವು ಮಾಡಬೇಕಾದದ್ದು

ಮುನ್ಸೂಚನೆ ತಪ್ಪಿದರೆ ವಿಮಾನ ಒಂದು ತಾಸು ತಡವಾದೀತು. ರೈತನಿಗೋ ಒಂದು ಬೆಳೆಯೇ ಹೋದೀತು. ಅಡಿಕೆಯ ಕೊಳೆ ರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣ ಅದೇ ಸಂಜೆ ತೊಳೆದುಹೋದರೆ ಆಳಿನ ಕೂಲಿಯೂ ನೀರುಪಾಲು. ಕಣದಲ್ಲಿ ಹರಡಿದ ಶೇಂಗಾ ನೆನೆದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ.

ಆದ್ದರಿಂದ ಎರಡು ಕೆಲಸ ಮಾಡಿ. ಮೊದಲನೆಯದು, ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆಯನ್ನು ವಾಚನಾಲಯದ ಫಲಕದಲ್ಲಿ ಬರೆಯಿಸಿ, ಪಕ್ಕದಲ್ಲೇ ನಿಮ್ಮ ಪಂಚಾಯಿತಿಯಲ್ಲಿ ಬಿದ್ದ ಮಳೆಯನ್ನೂ ಬರೆಯಿರಿ. ಮುನ್ಸೂಚನೆ ಸುಧಾರಿಸಿದೆಯೇ ಎಂಬುದು ಒಂದು ಹಂಗಾಮಿನಲ್ಲಿ ನಿಮಗೇ ತಿಳಿಯುತ್ತದೆ. ಎರಡನೆಯದು, ನಿಮ್ಮ ಲೋಕಸಭಾ ಸದಸ್ಯರು ಊರಿಗೆ ಬಂದಾಗ ಆ ಲೆಕ್ಕ ಮುಂದಿಟ್ಟು ಕೇಳಿ: ವಿಮಾನಗಳ ಹವಾ ವಿವರ ಇಲಾಖೆಗೆ ಬರುವುದು ಎಂದಿನಿಂದ? ಅದರಿಂದ ಆಗುವ ಲಾಭ ನಮ್ಮ ತಾಲ್ಲೂಕಿಗೆ ಮುಟ್ಟುವುದು ಹೇಗೆ?