‘ನಾನು’ ಎಂಬುದಕ್ಕೆ ಲಿಂಗವಿಲ್ಲ

ನಮ್ಮ ಮಕ್ಕಳು ಕೆಳಗಿನ ತರಗತಿಗಳಲ್ಲಿಯೇ ಕಲಿಯುವ ವ್ಯಾಕರಣದ ಒಂದು ಸಂಗತಿ ಇದು. ‘ಅವನು ಬಂದನು’, ‘ಅವಳು ಬಂದಳು’ ಎಂಬಲ್ಲಿ ಕ್ರಿಯಾಪದವು ಲಿಂಗವನ್ನು ಸೂಚಿಸುತ್ತದೆ. ‘ನಾನು ಬಂದೆನು’ ಎಂಬಲ್ಲಿ ಸೂಚಿಸುವುದಿಲ್ಲ. ತಮಿಳಿನಲ್ಲಿಯೂ ಹೀಗೆಯೇ. ತಮ್ಮ ಕುರಿತು ತಾವೇ ಮಾತನಾಡುವವರನ್ನು ಈ ಎರಡು ಭಾಷೆಗಳೂ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಅನ್ಯರು ಅವರ ಬಗ್ಗೆ ಮಾತೆತ್ತಿದಾಗಲೇ ಆ ಪ್ರಶ್ನೆ ಏಳುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ತೋರಿಸುವ ಚಲನಚಿತ್ರಗಳನ್ನು ಅಳೆಯಲು ಇದೇ ಒಂದು ಮಾನದಂಡವಾಗಬಲ್ಲದು. ತೆರೆಯ ಮೇಲಿನ ಆ ವ್ಯಕ್ತಿಗೆ ‘ನಾನು’ ಎಂದು ನುಡಿಯುವ ಅವಕಾಶ ಉಂಟೇ, ಅಥವಾ ಇತರರ ನಗೆಗೋ ಕನಿಕರಕ್ಕೋ ವಸ್ತುವಾಗಿ ಮಾತ್ರ ಬಂದು ಹೋಗಬೇಕೇ? ಕನ್ನಡ, ತಮಿಳು, ಹಿಂದಿ ಯಾವ ಭಾಷೆಯ ಚಿತ್ರರಂಗವನ್ನು ತೆಗೆದುಕೊಂಡರೂ, ಬಹುಕಾಲ ಇಂಥ ಪಾತ್ರಗಳಿಗೆ ದೊರೆತದ್ದು ಹಾಸ್ಯದ ತುಣುಕುಗಳಷ್ಟೇ. ಅವನ್ನು ನೋಡಿ ಬೆಳೆದ ಮಕ್ಕಳು ಶಾಲೆಯ ಅಂಗಳದಲ್ಲಿ ಮೃದು ಸ್ವಭಾವದ ಸಹಪಾಠಿಯ ಮುಂದೆ ಅದೇ ಚಪ್ಪಾಳೆಯನ್ನು ತಟ್ಟಿ ನಕ್ಕರೆ, ಅದನ್ನು ಅವರು ಎಲ್ಲಿಂದ ಕಲಿತರೆಂದು ಹುಡುಕಬೇಕಾಗಿಲ್ಲ.

ಈ ರೂಢಿಯನ್ನು ಮುರಿದ ಒಂದು ಕೃತಿ ತಮಿಳಿನಲ್ಲಿ ಹುಟ್ಟಿ ಕನ್ನಡದಲ್ಲಿ ಬೆಳೆಯಿತು. ಭಾಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ತಿರುಚಿರಾಪಳ್ಳಿಯ ಲಿವಿಂಗ್ ಸ್ಮೈಲ್ ವಿದ್ಯಾ ತಮ್ಮ ಆತ್ಮಕಥೆಯನ್ನು ತಮಿಳಿನಲ್ಲಿ ಬರೆದರು. ಅದು ಕನ್ನಡಕ್ಕೆ ಬಂದಿತು. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಅಭಿನಯಿಸಿದ ಸಂಚಾರಿ ವಿಜಯ್ ಅವರಿಗೆ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್ ಮತ್ತು ‘ತಬರನ ಕಥೆ’ಯ ಚಾರುಹಾಸನ್ ಅವರ ತರುವಾಯ ಕನ್ನಡ ಚಿತ್ರವೊಂದಕ್ಕೆ ಆ ಗೌರವ ದೊರೆತದ್ದು ಆಗಲೇ. ಚಾರುಹಾಸನ್ ತಮಿಳುನಾಡಿನವರು ಎಂಬುದನ್ನೂ ನಾವು ನೆನೆಯಬೇಕು. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಇಂಥ ಕೊಡುಕೊಳೆ ಹೊಸದಲ್ಲ.

2021ರಲ್ಲಿ ರಸ್ತೆ ಅಪಘಾತದಿಂದ ಅಕಾಲ ಮರಣಕ್ಕೆ ತುತ್ತಾದ ವಿಜಯ್ ಅವರ ಅಭಿನಯದ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಪಾತ್ರವನ್ನು ಆ ಬದುಕನ್ನು ಬಾಳಿದವರೇ ಏಕೆ ಅಭಿನಯಿಸಬಾರದು? ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಪೊಳ್ಳಾಚಿಯ ಕಲ್ಕಿ ಸುಬ್ರಮಣಿಯಂ 2011ರ ತಮಿಳು ಚಿತ್ರ ‘ನರ್ತಕಿ’ಯಲ್ಲಿ ಮುಖ್ಯ ಪಾತ್ರ ವಹಿಸಿದರು. ಎಷ್ಟೋ ಚಿತ್ರಗಳಿಗೆ ಹಸುರು ಹಿನ್ನೆಲೆಯಾದ ಊರು ಅಂದು ಒಬ್ಬ ನಾಯಕಿಯನ್ನೂ ಕೊಟ್ಟಿತು.

ಆರು ವರ್ಷಗಳ ಬಳಿಕ, 2017ರಲ್ಲಿ, ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಬಂದ ‘ಎ ಫೆಂಟಾಸ್ಟಿಕ್ ವುಮನ್’ ಚಿತ್ರದಲ್ಲಿ ಸ್ವತಃ ಲಿಂಗಪರಿವರ್ತಿತೆಯಾದ ಡ್ಯಾನಿಯೆಲಾ ವೇಗಾ ನಾಯಕಿಯಾದರು. ಮರುವರ್ಷ ಅದಕ್ಕೆ ವಿದೇಶಿ ಭಾಷಾ ಚಿತ್ರಗಳ ವಿಭಾಗದ ಆಸ್ಕರ್ ದೊರೆಯಿತು. ಆ ಚಿತ್ರದಲ್ಲಿ ನಾಯಕಿ ತನ್ನ ದೇಹ ಬದಲಾದ ಬಗೆಯನ್ನು ನಮಗೆ ವಿವರಿಸುತ್ತ ಕೂರುವುದಿಲ್ಲ. ಸಂಗಾತಿ ತೀರಿಕೊಂಡಿದ್ದಾನೆ, ಅವನ ಅಂತ್ಯಕ್ರಿಯೆಗೆ ಬರಬಾರದೆಂದು ಮನೆಯವರು ಅವಳನ್ನು ತಡೆಯುತ್ತಾರೆ. ಸತ್ತವನಿಗಾಗಿ ಅಳುವ ಹಕ್ಕನ್ನು ಅವಳು ಕೇಳುತ್ತಾಳೆ. ಸಾವು ಕಂಡ ಯಾವ ಮನೆಗೂ ಆ ದುಃಖ ಅರ್ಥವಾಗುತ್ತದೆ. ಚಿತ್ರದ ಗುಣಮಟ್ಟವಿರುವುದು ಅಲ್ಲಿ. ಪ್ರಶಸ್ತಿ ಅದರ ನೆರಳಷ್ಟೇ.

ಕಾನೂನು ತನ್ನ ಹೆಜ್ಜೆಯನ್ನು ಇಟ್ಟಿದೆ. ತಮಿಳುನಾಡು 2008ರಲ್ಲಿಯೇ ಈ ಸಮುದಾಯಕ್ಕೆ ಕಲ್ಯಾಣ ಮಂಡಳಿಯನ್ನು ರಚಿಸಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಹೀನಾಯದ ಹಳೆಯ ಹೆಸರುಗಳಿಗೆ ಬದಲಾಗಿ ‘ತಿರುನಂಗೈ’ ಎಂಬ ಗೌರವದ ಪದವನ್ನು ತಮಿಳು ಬಳಕೆಗೆ ತಂದಿದೆ. ನಮ್ಮ ಮನೆಮಾತಿನಲ್ಲಿ ಮಾತ್ರ ಬೈಗುಳವೇ ಹೆಸರಾಗಿ ಉಳಿಯುವುದು ಬೇಡ.

ಪೋಷಕರು ಮಾಡಬಹುದಾದದ್ದು ದೊಡ್ಡದೇನಲ್ಲ. ದೂರದರ್ಶನದಲ್ಲಿ ಅಂಥ ಹಾಸ್ಯದೃಶ್ಯ ಬಂದಾಗ ಮಕ್ಕಳೊಡನೆ ತಾವೂ ನಗದಿರಲಿ. ‘ಇದರಲ್ಲಿ ನಗುವಂಥದ್ದು ಏನಿದೆ?’ ಎಂದು ಒಮ್ಮೆ ಕೇಳಲಿ. ನಗದೆ ಸುಮ್ಮನೆ ಕುಳಿತಿರುವ ಮಗುವೂ ಅದೇ ಕೋಣೆಯಲ್ಲಿ ಇರಬಹುದು. ನಾಳೆ ಅದು ‘ನಾನು’ ಎಂದು ಮಾತನ್ನು ಆರಂಭಿಸಬೇಕಾದರೆ, ಕೇಳುವವರು ಮನೆಯಲ್ಲಿಯೇ ಇದ್ದಾರೆಂಬ ನಂಬಿಕೆ ಅದಕ್ಕೆ ಇಂದೇ ಬರಬೇಕು.