ಬಾಡಿಗೆ ಮುಂಗಡದ ಮೋಸ: ಕಳ್ಳನ ಬೆನ್ನು ಹತ್ತುವುದು ಹೇಗೆ?



ಈ ಪುಟದಲ್ಲಿ ಬೀಜ, ಗೊಬ್ಬರ, ಕೀಟ, ರೋಗಗಳ ವಿಷಯ ಬರುವುದು ವಾಡಿಕೆ. ಈ ವಾರವೂ ಭತ್ತದ ಕಂದು ಜಿಗಿಹುಳುವಿನ ಬಗ್ಗೆ ಬರೆಯಬೇಕೆಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಸಿಂಪಡಣೆಯ ಔಷಧಿ ಯಾವುದೆಂದು ಕೇಳಲು ಬರುತ್ತಿದ್ದವರು ಈಗ ನನ್ನ ಮೇಜಿನ ಎದುರು ಕುಳಿತು, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸಾರ್, ಫೋನಿನಲ್ಲಿ ದುಡ್ಡು ಹೋಯಿತು" ಎನ್ನುತ್ತಿದ್ದಾರೆ. ಹೀಗೆ ಬಂದವರು ಒಬ್ಬಿಬ್ಬರಲ್ಲ.

ನಮ್ಮ ತಾಲ್ಲೂಕಿನ ಒಬ್ಬ ರೈತರ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಅವರಿಗೆ ಆದ ಸಂಕಟವೇ ಸಾಕು. ಮೂರು ಎಕರೆ ಗದ್ದೆಯವರು. ಹಳೆಯ ಪವರ್ ಟಿಲ್ಲರ್ ಒಂದು 62,000 ರೂಪಾಯಿಗೆ ಮಾರಾಟಕ್ಕಿದೆ ಎಂಬ ಜಾಹೀರಾತನ್ನು ಮಗ ಫೋನಿನಲ್ಲಿ ತೋರಿಸಿದ. ಮಾರುವವನು ತಾನು ಸೈನಿಕ, ಊರಿನಲ್ಲಿ ಜಮೀನಿದೆ, ದೂರಕ್ಕೆ ವರ್ಗವಾಗಿದೆ, ಆದ್ದರಿಂದ ಅಗ್ಗಕ್ಕೆ ಕೊಡುತ್ತಿದ್ದೇನೆ ಎಂದ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ಆಧಾರ್ ಎಲ್ಲವನ್ನೂ ಕಳಿಸಿದ. ಯಂತ್ರದ ಬೆಲೆಯನ್ನು ಈಗ ಕೊಡುವುದೇ ಬೇಡ, ಮನೆಗೆ ಬಂದ ಮೇಲೆ ಕೊಡಿ, ಸೇನೆಯ ಲಾರಿಯ ಬಾಡಿಗೆ 4,150 ಮಾತ್ರ ಮೊದಲು ಕಟ್ಟಿ ಎಂದ.

ಇಲ್ಲೇ ನೋಡಿ ಅವನ ಜಾಣತನ. 62,000 ಮುಂಗಡ ಕೇಳಿದ್ದರೆ ನಮ್ಮ ರೈತರು ಒಪ್ಪುತ್ತಿರಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ಹಗ್ಗ ಹಿಡಿಯುವವರಲ್ಲ ಅವರು. ಆದರೆ ಲಾರಿ ಬಾಡಿಗೆ ಎಂದರೆ ನ್ಯಾಯವಾದ ಖರ್ಚು ಎಂದು ಯಾರಿಗಾದರೂ ಅನಿಸುತ್ತದೆ. ಕಟ್ಟಿದರು. ಮರುದಿನ ವಿಮೆಗೆಂದು 9,500, ಅದು ವಾಪಸು ಬರುವ ಹಣವಂತೆ. ಮೂರನೆಯ ದಿನ ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಿದೆ, ಗೇಟ್ ಪಾಸಿಗೆ 12,000 ಬೇಕು ಎಂದ. ಕಳಿಸಿದ ಮೇಲೆ, "ನೀವು ಕಳಿಸಿದ್ದು ಕಂಪ್ಯೂಟರಿನಲ್ಲಿ ಹತ್ತಿಲ್ಲ, ಇನ್ನೊಮ್ಮೆ ಕಳಿಸಿ, ಎರಡೂ ಸೇರಿ ಹಿಂದಕ್ಕೆ ಬರುತ್ತದೆ" ಎಂದು ಮತ್ತೆ 12,000. ಒಟ್ಟು 37,650 ರೂಪಾಯಿ. ಆಮೇಲೆ ಫೋನ್ ಎತ್ತಲಿಲ್ಲ.

ನನ್ನ ಬಳಿ ಬಂದದ್ದು ನಾಲ್ಕನೆಯ ದಿನ ಬೆಳಿಗ್ಗೆ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. "ಅವಸರ ಬೇಡ, ಇನ್ನೊಮ್ಮೆ ಫೋನ್ ಮಾಡಿ ನೋಡಿ, ಲಾರಿ ತಡವಾಗಿರಬಹುದು" ಎಂದುಬಿಟ್ಟೆ. ಮಧ್ಯಾಹ್ನದವರೆಗೆ ಫೋನ್ ಮಾಡುತ್ತಲೇ ಕುಳಿತೆವು. ಆ ಅರ್ಧ ದಿನ ಎಷ್ಟು ಬೆಲೆಯುಳ್ಳದ್ದೆಂದು ಆಗ ನನಗೆ ತಿಳಿದಿರಲಿಲ್ಲ.

ಮಗ ಕೂಡ ಸುಮ್ಮನಿರಲಿಲ್ಲ. ಕಳ್ಳನ ಫೋನ್ ಸಂಖ್ಯೆಯನ್ನು ಹುಡುಕಿ ಒಂದು ಹೆಸರು ತೆಗೆದ. ಆಧಾರ್ ಚೀಟಿಯಲ್ಲಿ ರಾಜಸ್ಥಾನದ ವಿಳಾಸವಿತ್ತು. ನಾಲ್ಕು ಜನ ಸೇರಿ ಹೋಗಿ ಹಿಡಿದು ತರೋಣ ಎಂಬ ಮಾತೂ ಬಂತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಮವಸ್ತ್ರದ ಚಿತ್ರ ಬೇರಾವನೋ ಸೈನಿಕನದು. ಆಧಾರ್ ಇನ್ನಾರಿಂದಲೋ ಕದ್ದದ್ದು. ಸಿಮ್ ಯಾರದೋ ಹೆಸರಿನಲ್ಲಿ ಪಡೆದದ್ದು. ಆತ ಹೆಬ್ಬೆಟ್ಟು ಒತ್ತಿದ್ದನ್ನೇ ಮರೆತಿರುವ ಕೂಲಿಯವನೂ ಆಗಿರಬಹುದು. ಆ ವಿಳಾಸಕ್ಕೆ ಹೋಗಿದ್ದರೆ ನಮ್ಮಂತೆಯೇ ಮೋಸಹೋದ ಇನ್ನೊಬ್ಬನ ಬಾಗಿಲು ಬಡಿಯುತ್ತಿದ್ದೆವು. 2023ರ ಏಪ್ರಿಲ್‌ನಲ್ಲಿ ಹರಿಯಾಣದ ನೂಹ್ ಜಿಲ್ಲೆಯಲ್ಲಿ ಇಂಥ ಮೋಸಗಾರರನ್ನು ಹಿಡಿಯಲು 14 ಹಳ್ಳಿಗಳ ಮೇಲೆ ಒಂದೇ ರಾತ್ರಿ ದಾಳಿ ನಡೆಯಿತು. ಅದಕ್ಕೆ ಹೋದ ಪೊಲೀಸರ ಸಂಖ್ಯೆ ಸುಮಾರು 5,000. ನಾವು ನಾಲ್ವರು ಒಂದು ಜೀಪಿನಲ್ಲಿ ಹೋಗಿ ಮಾಡುವುದೇನು?

ಹಾಗಾದರೆ ಕಳ್ಳನ ಜಾಡು ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಅದು ಅವನ ಮುಖದಲ್ಲಿಲ್ಲ, ಹೆಸರಿನಲ್ಲಿಲ್ಲ. ಹಣ ಹೋದ ದಾರಿಯಲ್ಲಿದೆ.

ಬಿತ್ತಿದ ಬೀಜ ಮೊಳೆಯದಿದ್ದರೆ ನಾನು ತಮ್ಮನ್ನು ಮೊದಲು ಕೇಳುವುದೇನು? ಚೀಲದ ಚೀಟಿ ಇದೆಯೇ, ಅದರ ಮೇಲಿನ ಲಾಟ್ ನಂಬರ್ ಏನು, ಬಿಲ್ಲು ಎಲ್ಲಿ ಎಂದು. ಆ ನಂಬರ್ ಹಿಡಿದರೆ ಅಂಗಡಿ, ಅಲ್ಲಿಂದ ಗೋದಾಮು, ಅಲ್ಲಿಂದ ಕಂಪನಿ ಎಂದು ಹಿಂದಕ್ಕೆ ಹೋಗಬಹುದು. ಫೋನಿನಲ್ಲಿ ಕಳಿಸಿದ ಹಣಕ್ಕೂ ಹೀಗೆಯೇ ಒಂದು ನಂಬರ್ ಇದೆ. ಯುಪಿಐ ಮೂಲಕ ಪಾವತಿ ಮಾಡಿದಾಗ 12 ಅಂಕಿಗಳ ಯುಟಿಆರ್ ಸಂಖ್ಯೆ ಬರುತ್ತದೆ. ಪಾವತಿಯ ವಿವರ ತೆರೆದರೆ ಕಾಣುತ್ತದೆ. ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಯಿತೆಂದು ಬ್ಯಾಂಕಿನವರು ಆ ಸಂಖ್ಯೆಯಿಂದ ತಿಳಿಯಬಲ್ಲರು. ಆ ಖಾತೆಯಿಂದ ಮುಂದೆ ಎಲ್ಲಿಗೆ ಹೋಯಿತು, ಯಾವ ಎಟಿಎಮ್‌ನಲ್ಲಿ ತೆಗೆದರು ಎಂಬುದಕ್ಕೂ ಲೆಕ್ಕವಿರುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಕಳ್ಳ ಆ ಹಣವನ್ನು ಮೊದಲ ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎರಡು, ಮೂರು, ನಾಲ್ಕು ಖಾತೆಗಳಿಗೆ ಹಂಚಿ, ಕೊನೆಗೆ ನಗದು ತೆಗೆಯುತ್ತಾನೆ. ನಗದಾದ ಮೇಲೆ ಲೆಕ್ಕ ಉಳಿಯುತ್ತದೆ, ಹಣ ಉಳಿಯುವುದಿಲ್ಲ. ಬದುವು ಒಡೆದಾಗ ಮೊದಲು ಮಣ್ಣು ಹಾಕಿ ನೀರು ನಿಲ್ಲಿಸುತ್ತೇವೆಯೇ ಹೊರತು, ಒಡೆದವರು ಯಾರೆಂದು ಊರೆಲ್ಲ ವಿಚಾರಿಸಲು ಹೊರಡುವುದಿಲ್ಲವಷ್ಟೆ?

ಆ ಮಣ್ಣು ಹಾಕುವ ವ್ಯವಸ್ಥೆ ದೇಶದಲ್ಲಿ 2021ರಿಂದ ಇದೆ. 1930 ಎಂಬ ಸಂಖ್ಯೆಗೆ ಫೋನ್ ಮಾಡಬೇಕು. ತಮ್ಮ ಫೋನ್ ಸಂಖ್ಯೆ, ಬ್ಯಾಂಕು, ಖಾತೆ ಸಂಖ್ಯೆ, ಯುಟಿಆರ್ ಸಂಖ್ಯೆ, ಕಳಿಸಿದ ದಿನಾಂಕ ಮತ್ತು ಮೊತ್ತ ಕೇಳುತ್ತಾರೆ. ಕೇಳಿದ ತಕ್ಷಣ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಅದರ ಬೆನ್ನಿಗೆ ದಾಟುತ್ತದೆ. ತಮ್ಮ ಫೋನಿಗೆ ದೂರಿನ ಸಂಖ್ಯೆ ಬರುತ್ತದೆ. ಆಮೇಲೆ 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲಿ ಪೂರ್ತಿ ದೂರು ತುಂಬಬೇಕು. ಇದು ತಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಹುಡುಗರ ಕೈಯಲ್ಲಿ ತುಂಬಿಸಿ. ಜೊತೆಗೆ ತಮ್ಮ ಸ್ವಂತ ಬ್ಯಾಂಕಿಗೂ ಬರೆದು ಕೊಡಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ.

ಪೊಲೀಸ್ ದೂರಿನ ಮಾತು. ಸೈಬರ್ ಅಪರಾಧಗಳಿಗೆಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಿ.ಇ.ಎನ್. ಠಾಣೆಗಳಿವೆ. ಹತ್ತಿರದ ಠಾಣೆಗೂ ಹೋಗಬಹುದು. ಅಪರಾಧ ನಡೆದ ಜಾಗ ನಮ್ಮದಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ ಎಂಬುದನ್ನು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ಕಳ್ಳನ ಸಂದೇಶಗಳನ್ನು ಸಿಟ್ಟಿನಿಂದಾಗಲಿ ನಾಚಿಕೆಯಿಂದಾಗಲಿ ಅಳಿಸಬೇಡಿ. ಅವನ ಧ್ವನಿ, ಚಿತ್ರ, ಕಳಿಸಿದ ಖಾತೆಯ ವಿವರ ಎಲ್ಲವೂ ಸಾಕ್ಷಿ. ಖಾತೆದಾರನ ದಾಖಲೆ, ಸಿಮ್ ಪಡೆದವನ ದಾಖಲೆಗಳನ್ನು ಬ್ಯಾಂಕು ಮತ್ತು ಫೋನ್ ಕಂಪನಿಗಳಿಂದ ಕೇಳಿ ಪಡೆಯುವ ಅಧಿಕಾರ ಪೊಲೀಸರಿಗಿದೆ, ನಮಗಿಲ್ಲ.

ಇನ್ನೊಂದು ಎಚ್ಚರ. ಆ ಮಗ ಹಣ ವಾಪಸು ಪಡೆಯುವುದು ಹೇಗೆಂದು ಫೋನಿನಲ್ಲಿ ಹುಡುಕಿದಾಗ ಒಂದು "ಸಹಾಯವಾಣಿ" ಸಿಕ್ಕಿತು. 3,000 ಶುಲ್ಕ ಕೊಟ್ಟರೆ ಕಳ್ಳನ ಪತ್ತೆ ಮಾಡಿ ಹಣ ಕೊಡಿಸುತ್ತೇವೆ ಎಂದರು. ಅವರೂ ಕಳ್ಳರೇ. ಗಾಯದ ಮೇಲೆ ನೊಣ ಕೂರುವಂತೆ ಮೋಸಹೋದವರನ್ನೇ ಹುಡುಕಿಕೊಂಡು ಬರುವ ಜನ ಇವರು. 1930ಕ್ಕೆ ದೂರು ಕೊಡಲು ಒಂದು ಕಾಸೂ ಕೊಡಬೇಕಾಗಿಲ್ಲ. ಹಣ ಬರುವುದಿದ್ದರೆ ತಮ್ಮ ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಕಹಿಯಾದರೂ ಇನ್ನೊಂದು ಮಾತು ಹೇಳಲೇಬೇಕು. ಕಳ್ಳನಿಗೆ ಅಷ್ಟೊಂದು ಖಾತೆಗಳು ಎಲ್ಲಿಂದ ಬರುತ್ತವೆ? ಅವು ನಮ್ಮಂಥ ಹಳ್ಳಿಗಳಿಂದಲೇ ಬರುತ್ತವೆ. ಕೆಲಸವಿಲ್ಲದ ಹುಡುಗನಿಗೆ ಯಾರೋ ಎರಡು ಮೂರು ಸಾವಿರ ಕೊಟ್ಟು, ಅವನ ಹೆಸರಿನಲ್ಲಿ ಖಾತೆ ತೆರೆಸಿ, ಪಾಸ್‌ಬುಕ್, ಎಟಿಎಮ್ ಕಾರ್ಡು, ಸಿಮ್ ಒಯ್ಯುತ್ತಾರೆ. ಹಣದ ಜಾಡು ಹಿಡಿದ ಪೊಲೀಸರು ಮೊದಲು ತಲುಪುವುದು ಆ ಹುಡುಗನ ಮನೆಗೇ. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೊಬ್ಬನೆಂದು ನಟಿಸಿ ಮೋಸ ಮಾಡಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಡಿ ಕಲಮಿನಂತೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು. ಖಾತೆ ಕೊಟ್ಟವನು ತಿಳಿದೇ ಕೊಟ್ಟಿದ್ದರೆ ಅವನೂ ಆರೋಪಿಯ ಸಾಲಿಗೆ ಸೇರುತ್ತಾನೆ. "ನಾನು ಕಾರ್ಡು ಕೊಟ್ಟೆ ಅಷ್ಟೇ" ಎಂದರೆ ಬಿಡುವುದಿಲ್ಲ. ಈ ಪತ್ರಿಕೆಯನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದುವವರು ಈ ಭಾಗವನ್ನು ಹುಡುಗರು ಇರುವಾಗ ಓದಿ.

ಯಂತ್ರ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಹಳೆಯದೇ. ಕಣ್ಣಾರೆ ನೋಡಿ, ಚಾಲೂ ಮಾಡಿಸಿ, ಎಂಜಿನ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ, ಆಮೇಲೆ ಹಣ. ಬಾಡಿಗೆಯನ್ನು ಲಾರಿ ಅಂಗಳಕ್ಕೆ ಬಂದ ಮೇಲೆ ಚಾಲಕನ ಕೈಗೆ ಕೊಡಿ. ನೋಡಲು ಬರಬೇಡಿ ಎನ್ನುವವನ ಬಳಿ ಯಂತ್ರವೇ ಇರುವುದಿಲ್ಲ.

ಆ ರೈತರ ಕಥೆ ಏನಾಯಿತೆಂದು ಹೇಳಿಬಿಡುತ್ತೇನೆ. ನಾಲ್ಕನೆಯ ದಿನ ಮಧ್ಯಾಹ್ನ 1930ಕ್ಕೆ ದೂರು ಕೊಟ್ಟೆವು. ಮೊದಲ ಎರಡು ದಿನ ಕಳಿಸಿದ ಹಣ ಆಗಲೇ ನಗದಾಗಿ ಹೋಗಿತ್ತು. ಕೊನೆಯ ದಿನದ ಮೊತ್ತದಲ್ಲಿ 6,300 ರೂಪಾಯಿ ಮೂರನೆಯ ಖಾತೆಯೊಂದರಲ್ಲಿ ಉಳಿದಿತ್ತು, ಅದನ್ನು ತಡೆಹಿಡಿದರು. ಹಾಗೆ ತಡೆದ ಹಣ ಕೂಡಲೇ ಕೈಗೆ ಬರುವುದಿಲ್ಲ. ಇವರ ಪ್ರಕರಣದಲ್ಲಿ ನ್ಯಾಯಾಲಯದ ಆದೇಶ ಬೇಕೆಂದರು. ಅರ್ಜಿ ಹಾಕಿದ್ದಾರೆ. ಎರಡು ಸಲ ತಾರೀಖು ಮುಂದೆ ಹೋಗಿದೆ. ಈ ಸಲದ ನಾಟಿಗೆ ಪಕ್ಕದ ಊರಿನ ಟಿಲ್ಲರನ್ನು ಬಾಡಿಗೆಗೆ ತಂದು ಗದ್ದೆ ಹದ ಮಾಡಿಸಿದರು. ಮೊನ್ನೆ ಕಚೇರಿಗೆ ಬಂದಾಗ 1930 ಎಂದು ದೊಡ್ಡದಾಗಿ ಬರೆದ ಕಾಗದ ಒಂದನ್ನು ನನ್ನಿಂದ ಬರೆಸಿಕೊಂಡು ಹೋಗಿ, ಹಾಲಿನ ಡೇರಿಯ ಗೋಡೆಗೆ ಅಂಟಿಸಿದ್ದಾರೆ.